ಇಮೇಲಿನಲ್ಲಿ ಕಾಣುವ ಹೆಸರನ್ನು ಬರೆದವರು ಯಾರು?

ಇಮೇಲಿನ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಅವುಗಳಲ್ಲಿ ಹೆಚ್ಚಿನವು ಒಂದೇ ತಪ್ಪು ಗ್ರಹಿಕೆಯಿಂದ ಹುಟ್ಟಿದಂಥವು. ಬ್ಯಾಂಕಿನ ಹೆಸರಿನಲ್ಲೇ ಬಂದ ಪತ್ರ ನಕಲಿಯಾಗಲು ಹೇಗೆ ಸಾಧ್ಯ, ತನ್ನದೇ ವಿಳಾಸದಿಂದ ತನಗೇ ಬೆದರಿಕೆಯ ಮೇಲ್ ಬಂದರೆ ಖಾತೆ ಕಳ್ಳರ ಕೈಸೇರಿದೆ ಎಂದೇ ಅರ್ಥವೆ, ಕಳಿಸಿಬಿಟ್ಟ ಪತ್ರವನ್ನು ಹಿಂದಕ್ಕೆ ಪಡೆಯಬಹುದೆ, ನಿಜವಾದ ಪತ್ರಗಳೂ ಒಮ್ಮೊಮ್ಮೆ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುವುದೇಕೆ ಎಂಬ ಪ್ರಶ್ನೆಗಳ ಬುಡವನ್ನು ಕೆದಕಿದರೆ, ಪರದೆಯ ಮೇಲೆ ಕಾಣುವ ಕಳಿಸಿದವರ ಹೆಸರನ್ನು ಗೂಗಲ್ಲೋ ಮೈಕ್ರೋಸಾಫ್ಟೋ ವಿಚಾರಿಸಿ ಖಾತ್ರಿಪಡಿಸಿಕೊಂಡೇ ತೋರಿಸುತ್ತಿರಬೇಕು ಎಂಬ ನಂಬಿಕೆ ಕಾಣಸಿಗುತ್ತದೆ. ವಾಸ್ತವದಲ್ಲಿ ಆ ಹೆಸರನ್ನು ಬರೆಯುವವರು ಪತ್ರ ಕಳಿಸಿದವರೇ. ಅದು ಅವರು ತಮ್ಮ ಬಗ್ಗೆ ತಾವೇ ಕೊಟ್ಟುಕೊಂಡ ಹೇಳಿಕೆ; ಆ ಹೇಳಿಕೆಯನ್ನು ಪರೀಕ್ಷಿಸುವ ಏರ್ಪಾಡು ಇಮೇಲಿನ ಮೂಲ ವಿನ್ಯಾಸದಲ್ಲಿ ಇರಲೇ ಇಲ್ಲ, ಇಂದು ಇರುವುದೆಲ್ಲ ಆಮೇಲೆ ಹಚ್ಚಿದ ತೇಪೆ.

ಇದಕ್ಕೆ ಕಾರಣ ಆ ವ್ಯವಸ್ಥೆ ಹುಟ್ಟಿದ ಕಾಲದಲ್ಲಿದೆ. ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಂಚಿಕೊಂಡು ಬಳಸುತ್ತಿದ್ದವರಿಗೆ ಪರಸ್ಪರ ಟಿಪ್ಪಣಿ ಬಿಟ್ಟುಹೋಗುವ ಸೌಲಭ್ಯ 1965ರಷ್ಟು ಹಿಂದೆಯೇ ಒದಗಿತ್ತಾದರೂ, ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಇಮೇಲ್ ದಾಟಿದ್ದು 1971ರಲ್ಲಿ, ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯ ರೇ ಟಾಮ್ಲಿನ್ಸನ್ ಅವರು ಅರ್ಪಾನೆಟ್ ಜಾಲದಲ್ಲಿ ನಡೆಸಿದ ಪ್ರಯೋಗದಿಂದ. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ‘@’ ಚಿಹ್ನೆಯನ್ನು ಆರಿಸಿದವರೂ ಅವರೇ. ಪತ್ರಗಳನ್ನು ಸಾಗಿಸುವ ನಿಯಮಾವಳಿಗೆ 1982ರಲ್ಲಿ ಜಾನ್ ಪೋಸ್ಟೆಲ್ ಖಚಿತ ರೂಪ ಕೊಟ್ಟರು. ಎಸ್‌ಎಂಟಿಪಿ ಎಂಬ ಹೆಸರಿನ ಆ ನಿಯಮಾವಳಿಯೇ ಕೆಲವು ಸೇರ್ಪಡೆಗಳೊಂದಿಗೆ ಇಂದಿಗೂ ಲೋಕದ ಇಮೇಲನ್ನೆಲ್ಲ ಹೊರುತ್ತಿದೆ. ಆಗ ಜಾಲದಲ್ಲಿ ಇದ್ದದ್ದು ಕೆಲವು ನೂರು ಕಂಪ್ಯೂಟರುಗಳು, ಅವುಗಳ ಮುಂದೆ ಕುಳಿತಿದ್ದವರು ವಿಶ್ವವಿದ್ಯಾಲಯ ಹಾಗೂ ಸಂಶೋಧನಾಲಯಗಳ ಪರಸ್ಪರ ಪರಿಚಿತರು; ಯಾರಾದರೂ ಸುಳ್ಳು ಹೆಸರಿನಲ್ಲಿ ಬರೆದರೆ ಏನು ಗತಿ ಎಂಬ ಯೋಚನೆ ಅಂಥ ಕಡೆ ಮೊದಲಿಗೆ ಹೊಳೆಯುವಂಥದ್ದಲ್ಲ. ಆದರೂ ಎಚ್ಚರಿಕೆಯ ಗಂಟೆ ಅದಾಗಲೇ ಒಮ್ಮೆ ಬಾರಿಸಿತ್ತು ಎನ್ನಬೇಕು, ಏಕೆಂದರೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುರ್ಕ್ ಎಂಬವರು 1978ರ ಮೇ ತಿಂಗಳಿನಲ್ಲೇ ತಮ್ಮ ಕಂಪನಿಯ ಕಂಪ್ಯೂಟರುಗಳ ಜಾಹೀರಾತನ್ನು ಸುಮಾರು 400 ಜನರಿಗೆ ಕೇಳದೆಯೇ ಕಳಿಸಿ ಎಲ್ಲರಿಂದ ಬೈಸಿಕೊಂಡಿದ್ದರು.

ಧಾರವಾಡದ ಕಾಲೇಜೊಂದರ ವಿಳಾಸದಿಂದ ಜಿಮೇಲ್ ವಿಳಾಸವೊಂದಕ್ಕೆ ಪತ್ರ ಹೋಗುತ್ತದೆ ಎಂದಿಟ್ಟುಕೊಂಡರೆ, ಕಳಿಸುವ ಗುಂಡಿ ಒತ್ತಿದ ಕೂಡಲೇ ಪತ್ರ ಮೊದಲು ಸೇರುವುದು ಕಾಲೇಜಿನ ಮೇಲ್ ಸರ್ವರನ್ನು, ಅಂದರೆ ಪತ್ರಗಳನ್ನು ಪಡೆಯುವ ಮತ್ತು ಮುಂದಕ್ಕೆ ಸಾಗಿಸುವ ಕೆಲಸಕ್ಕೆಂದೇ ಸದಾ ಚಾಲೂ ಇರುವ ಕಂಪ್ಯೂಟರನ್ನು. ಆ ಸರ್ವರು ವಿಳಾಸದಲ್ಲಿ ‘@’ ಚಿಹ್ನೆಯ ಬಲಕ್ಕಿರುವ ಭಾಗವನ್ನು, ಎಂದರೆ ಡೊಮೈನನ್ನು ಮಾತ್ರ ಓದಿಕೊಂಡು, ಆ ಡೊಮೈನಿನ ಪತ್ರಗಳನ್ನು ಸ್ವೀಕರಿಸುವ ಯಂತ್ರ ಯಾವುದೆಂದು ಅಂತರ್ಜಾಲದ ಹೆಸರುಗಳ ದಾಖಲೆಪುಸ್ತಕವಾದ ಡಿಎನ್‌ಎಸ್‌ನಲ್ಲಿ ವಿಚಾರಿಸುತ್ತದೆ. ಉತ್ತರ ಸಿಕ್ಕಿದ ಮೇಲೆ ಜಿಮೇಲಿನ ಸರ್ವರಿನ 25ನೆಯ ಸಂಖ್ಯೆಯ ದ್ವಾರವನ್ನು ತಟ್ಟುತ್ತದೆ. ಅನಂತರ ನಡೆಯುವ ಮಾತುಕತೆ ಬಹಳ ಚುಟುಕಾದದ್ದು. ಬಂದವರು ತಮ್ಮ ಹೆಸರು ಹೇಳಿ ನಮಸ್ಕರಿಸುತ್ತಾರೆ, ಪತ್ರ ಯಾರಿಂದ ಬಂದಿದೆ ಎನ್ನುತ್ತಾರೆ, ಯಾರಿಗೆ ತಲುಪಬೇಕು ಎನ್ನುತ್ತಾರೆ. ಪ್ರತಿ ಮಾತಿಗೂ ಆ ಕಡೆಯ ಸರ್ವರು 250 ಎಂಬ ಅಂಕಿಯಿಂದ ಹೂಂಗುಟ್ಟುತ್ತದೆ, ಅಂಥ ವಿಳಾಸವೇ ತನ್ನಲ್ಲಿ ಇಲ್ಲವೆಂದಾದರೆ 550 ಎಂದು ತಳ್ಳಿಹಾಕುತ್ತದೆ. ಎಲ್ಲ ಸರಿಹೋದರೆ ಪತ್ರದ ಒಡಲನ್ನು ಒಪ್ಪಿಸಿ, ಸಾಲೊಂದರಲ್ಲಿ ಬರೀ ಚುಕ್ಕೆಯೊಂದನ್ನು ಇಟ್ಟು ಮುಗಿಯಿತೆಂದು ತಿಳಿಸಲಾಗುತ್ತದೆ. ಆ ಕಡೆಯ ಯಂತ್ರ ಕೆಟ್ಟು ನಿಂತಿದ್ದರೆ ಕಳಿಸುವ ಸರ್ವರು ಕೈಚೆಲ್ಲದೆ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಿ, ಆಗಲೂ ಫಲ ಸಿಗದಿದ್ದರೆ ಮಾತ್ರ ಪತ್ರ ತಲುಪಲಿಲ್ಲವೆಂಬ ವರದಿಯನ್ನು ಕಳಿಸಿದವರಿಗೆ ಹಿಂದಿರುಗಿಸುತ್ತದೆ.

ಕಳಿಸಿದ್ದನ್ನು ಹಿಂದಕ್ಕೆ ಪಡೆಯುವ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ಚುಕ್ಕೆಯ ನಂತರದ 250 ಬಂದ ಕ್ಷಣದಿಂದ ಪತ್ರದ ಪ್ರತಿ ಇನ್ನೊಬ್ಬರ ಯಂತ್ರದಲ್ಲಿ ಇನ್ನೊಬ್ಬರ ಸ್ವತ್ತಾಗಿ ಕುಳಿತಿರುತ್ತದೆ, ಅದನ್ನು ಅಳಿಸುವ ಅಧಿಕಾರ ಕಳಿಸಿದವರಿಗಿಲ್ಲ. ಜಿಮೇಲಿನಲ್ಲಿ ಕಾಣುವ ‘ಅನ್‌ಡೂ’ ಸೌಲಭ್ಯ ಮಾಡುವುದಿಷ್ಟೇ: ಗರಿಷ್ಠ 30 ಸೆಕೆಂಡು ಪತ್ರವನ್ನು ಹೊರಡದಂತೆ ತಡೆಹಿಡಿಯುತ್ತದೆ. ಔಟ್‌ಲುಕ್ಕಿನ ಹಿಂಪಡೆಯುವ ಸೌಲಭ್ಯಕ್ಕೂ ಒಂದೇ ಸಂಸ್ಥೆಯ ಒಳಗಿನ ಪತ್ರಗಳ ಮೇಲಷ್ಟೇ ಹಿಡಿತ.

ಸುರಕ್ಷತೆಯ ದೃಷ್ಟಿಯಿಂದ ಈ ಮಾತುಕತೆಯಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಅಂಚೆಯಲ್ಲಿ ಲಕೋಟೆಯ ಮೇಲಿನ ವಿಳಾಸ ಬೇರೆ, ಒಳಗಿನ ಕಾಗದದ ತಲೆಯಲ್ಲಿ ಬರೆದುಕೊಂಡ ‘ಇಂದ’, ‘ಗೆ’ ಬೇರೆ. ಅಂಚೆಯವರು ನೋಡುವುದು ಲಕೋಟೆಯನ್ನೇ ಹೊರತು ಒಳಗಿನ ಕಾಗದವನ್ನಲ್ಲ. ಇಮೇಲಿನಲ್ಲಿಯೂ ಸರ್ವರುಗಳು ಪರಸ್ಪರ ಹೇಳಿಕೊಂಡ ವಿಳಾಸಗಳು ಲಕೋಟೆಯವು, ಓದುಗರ ಪರದೆಯ ಮೇಲೆ ಮೂಡುವ ಹೆಸರು ಒಳಗಿನ ಕಾಗದದ್ದು, ಮತ್ತು ಇವೆರಡೂ ಒಂದೇ ಆಗಿರಬೇಕೆಂಬ ಕಟ್ಟಳೆ ಎಸ್‌ಎಂಟಿಪಿಯಲ್ಲಿ ಇಲ್ಲ. ಇದನ್ನು ವಿನ್ಯಾಸಕಾರರ ಮರೆವು ಎನ್ನುವುದೂ ಅನ್ಯಾಯವಾದೀತು, ಏಕೆಂದರೆ ಬಿಸಿಸಿ ಸೌಲಭ್ಯ ನಿಂತಿರುವುದೇ ಈ ಬೇರ್ಪಡಿಕೆಯ ಮೇಲೆ. ಬಿಸಿಸಿಯಲ್ಲಿ ಸೇರಿಸಿದವರ ವಿಳಾಸ ಲಕೋಟೆಯಲ್ಲಿರುತ್ತದೆ, ಕಾಗದದಲ್ಲಿರುವುದಿಲ್ಲ; ಹಾಗಾಗಿಯೇ ಪತ್ರ ಅವರಿಗೂ ತಲುಪುತ್ತದೆ, ಉಳಿದವರಿಗೆ ಅವರ ಸುಳಿವೂ ಹತ್ತುವುದಿಲ್ಲ. ಮದುವೆಯ ಕರೆಯೋಲೆಯನ್ನೋ ಸಂಘದ ಸಭೆಯ ಸೂಚನೆಯನ್ನೋ ಇನ್ನೂರು ಜನರಿಗೆ ಒಟ್ಟಿಗೆ ಕಳಿಸುವವರು ಎಲ್ಲರ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಿದರೆ ಇನ್ನೂರು ಜನರ ವಿಳಾಸಗಳು ಎಲ್ಲೆಲ್ಲಿಗೋ ಹರಿದುಹೋಗುವುದು ತಪ್ಪುತ್ತದೆ. ಈ ಒಂದು ಅಭ್ಯಾಸದ ಮಟ್ಟಿಗೆ ನಮ್ಮ ಸಂಘಸಂಸ್ಥೆಗಳ ಕಾರ್ಯದರ್ಶಿಗಳು ಇನ್ನಷ್ಟು ಮುತುವರ್ಜಿ ವಹಿಸಬಹುದು.

ಅದೇ ಬೇರ್ಪಡಿಕೆ ವಂಚಕರಿಗೂ ಅನುಕೂಲವಾಗಿ ಒದಗಿತು. ‘ನಿಮ್ಮ ಕಂಪ್ಯೂಟರಿಗೆ ನುಗ್ಗಿದ್ದೇನೆ, ಕ್ಯಾಮೆರಾದಲ್ಲಿ ನಿಮ್ಮ ಖಾಸಗಿ ದೃಶ್ಯ ಸೆರೆಹಿಡಿದಿದ್ದೇನೆ, ಬೇಕಿದ್ದರೆ ನೋಡಿ, ಈ ಪತ್ರವನ್ನು ನಿಮ್ಮ ವಿಳಾಸದಿಂದಲೇ ಕಳಿಸುತ್ತಿದ್ದೇನೆ, ಬಿಟ್‌ಕಾಯಿನ್ ಮೂಲಕ ಹಣ ಸಂದಾಯ ಮಾಡಿ’ ಎಂಬ ಧಾಟಿಯ ಬೆದರಿಕೆಯನ್ನು ಕಂಡು ಕಂಗಾಲಾದವರು ಕಡಿಮೆಯಿಲ್ಲ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಆಗಿರುವುದೇನೆಂದರೆ, ಕಾಗದದ ತಲೆಯಲ್ಲಿ ಬರೆಯುವ ಹೆಸರಿನ ಜಾಗದಲ್ಲಿ ಪಡೆಯುವವರ ವಿಳಾಸವನ್ನೇ ಗೀಚಿರುತ್ತಾರೆ; ಖಾತೆಯೊಳಗೆ ಕಾಲಿಡುವ ಅಗತ್ಯವೇ ಅದಕ್ಕಿಲ್ಲ. ನಂಬಿಕೆ ಹುಟ್ಟಿಸಲೆಂದು ಅದರಲ್ಲಿ ಹಳೆಯ ಪಾಸ್‌ವರ್ಡೊಂದನ್ನೂ ಸೇರಿಸಿರುವುದುಂಟು. ಎಂದೋ ಯಾವುದೋ ಜಾಲತಾಣದಿಂದ ಸೋರಿಹೋದ ಖಾತೆಗಳ ಪಟ್ಟಿಗಳು ವಂಚಕರ ಸಂತೆಯಲ್ಲಿ ಮಾರಾಟಕ್ಕಿರುತ್ತವೆ. ಯಾಹೂ ಒಂದರಿಂದಲೇ 2013ರಲ್ಲಿ ಎಲ್ಲ 300 ಕೋಟಿ ಖಾತೆಗಳ ಮಾಹಿತಿ ಕಳುವಾಗಿತ್ತೆಂದು 2017ರಲ್ಲಿ ಆ ಕಂಪನಿಯೇ ಪ್ರಕಟಿಸಿತು. ಬೆದರಿಕೆಯ ಪತ್ರದಲ್ಲಿ ಕಂಡ ಪಾಸ್‌ವರ್ಡನ್ನು ಇನ್ನೂ ಎಲ್ಲಾದರೂ ಬಳಸುತ್ತಿದ್ದರೆ ಅಂದೇ ಬದಲಿಸಬೇಕು. ಬೆದರಿಕೆಗೆ ಉತ್ತರವನ್ನಾಗಲಿ ಹಣವನ್ನಾಗಲಿ ಕಳಿಸಬೇಕಾಗಿಲ್ಲ.

ಪತ್ರದ ಒಳಗೆ ಇಣುಕಿದರೆ ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. ಮೂಲ ಎಸ್‌ಎಂಟಿಪಿ ಹೊರಬಲ್ಲದ್ದು ಇಂಗ್ಲಿಷಿನ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳನ್ನಷ್ಟೇ. ಉಳಿದ ಭಾಷೆಗಳೂ ಚಿತ್ರ, ಧ್ವನಿ, ಕಡತಗಳೂ ಅದರಲ್ಲಿ ಸಾಗುವಂತೆ ಮಾಡಿದ್ದು ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಅವರು 1992ರಲ್ಲಿ ಪ್ರಕಟಿಸಿದ ಮೈಮ್ ಎಂಬ ಪದ್ಧತಿ. ಅದು ಎಲ್ಲವನ್ನೂ ಇಂಗ್ಲಿಷ್ ಗುರುತುಗಳಿಗೆ ಬದಲಿಸಿ ಕಳಿಸುತ್ತದೆ, ತಲುಪಿದ ಮೇಲೆ ಮೊದಲಿನಂತೆ ಮಾಡುತ್ತದೆ. ಯೂನಿಕೋಡ್ ಬರಹಗಳನ್ನು ಕೂಡಿಡುವ ಯುಟಿಎಫ್-8 ಕ್ರಮದಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟುಗಳು ಬೇಕು; ಮೈಮ್‌ನ ಬೇಸ್64 ಎಂಬ ವಿಧಾನ ಮೂರು ಬೈಟುಗಳನ್ನು ನಾಲ್ಕು ಗುರುತುಗಳಾಗಿಸುತ್ತದೆಯಾದ್ದರಿಂದ, ಆ ವಿಧಾನದಲ್ಲಿ ಕಳಿಸಿದ ಒಂಟಿ ‘ಕ’ಕಾರ 4, ಎಲ್, ಕೆ, ವಿ ಎಂಬ ನಾಲ್ಕು ಗುರುತುಗಳ ವೇಷದಲ್ಲಿ ಪ್ರಯಾಣ ಮಾಡಿ ತಲುಪಿದಲ್ಲಿ ಮತ್ತೆ ‘ಕ’ ಆಗುತ್ತದೆ. ಲಗತ್ತಿಸಿದ ಕಡತಗಳೂ ಇದೇ ಲೆಕ್ಕದಲ್ಲಿ ಮೂರನೆಯ ಒಂದು ಭಾಗದಷ್ಟು ಊದಿಕೊಳ್ಳುವುದರಿಂದಲೇ 25 ಎಂಬಿ ಮಿತಿಯ ಪೆಟ್ಟಿಗೆಗೆ 20 ಎಂಬಿಯ ಕಡತವೂ ಭಾರವಾಗುವುದುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿ ಕಳಿಸಿದ್ದು ಇನ್ನೊಬ್ಬರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುವುದಕ್ಕೆ ಮಾತ್ರ ಇಮೇಲ್ ಹೊಣೆಯಲ್ಲ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು.

ಲಗತ್ತುಗಳ ಅಪಾಯವೂ ಕಾಣುವ ಹೆಸರಿಗೂ ನಿಜಕ್ಕೂ ಇರುವ ಅಂತರದಿಂದಲೇ ಬೆಳೆದದ್ದು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟು ಲೋಕದ ತುಂಬ ಹರಡಿದ ‘ಐ ಲವ್ ಯೂ’ ವೈರಸ್ ಪ್ರೇಮಪತ್ರವೆಂಬ ಹೆಸರಿನ ಬರಹದ ಕಡತದಂತೆ ಕಾಣುತ್ತಿತ್ತು, ಏಕೆಂದರೆ ಅದು ಕಂಪ್ಯೂಟರ್ ಪ್ರೋಗ್ರಾಮ್ ಎಂದು ಸಾರುವ ಕೊನೆಯ ಮೂರು ಅಕ್ಷರಗಳನ್ನು ವಿಂಡೋಸ್ ಮರೆಮಾಡಿ ತೋರಿಸುತ್ತಿತ್ತು; ಮೇಲಾಗಿ ಸೋಂಕು ತಗುಲಿದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳಿಸಿಕೊಳ್ಳುತ್ತಿದ್ದುದರಿಂದ ಪತ್ರ ಬರುತ್ತಿದ್ದುದು ಪರಿಚಿತರ ಹೆಸರಿನಲ್ಲೇ. ಅಪರಿಚಿತರ ಲಗತ್ತು ತೆರೆಯಬೇಡಿ ಎಂಬ ರೂಢಿಯ ಉಪದೇಶ ಎಷ್ಟು ಅರೆಬರೆಯಾದದ್ದೆಂದು ಇದರಿಂದ ತಿಳಿಯುತ್ತದೆ.

ಕಳಿಸಿದವರ ಹೇಳಿಕೆಯನ್ನು ಪರೀಕ್ಷಿಸಲು ಆಮೇಲೆ ಹಚ್ಚಿದ ತೇಪೆಗಳಲ್ಲಿ ಮುಖ್ಯವಾದವು ಮೂರು. ತನ್ನ ಹೆಸರಿನಲ್ಲಿ ಪತ್ರ ಕಳಿಸುವ ಹಕ್ಕು ಯಾವ ಯಾವ ಸರ್ವರುಗಳಿಗಿದೆ ಎಂದು ಡೊಮೈನಿನ ಒಡೆಯರು ಡಿಎನ್‌ಎಸ್‌ನಲ್ಲಿ ಪ್ರಕಟಿಸುವುದು ಎಸ್‌ಪಿಎಫ್. ಪ್ರತಿ ಪತ್ರಕ್ಕೂ ಗಣಿತದ ಗೂಢಲಿಪಿಯಿಂದ ಮಾಡಿದ ಸಹಿ ಹಾಕಿ, ದಾರಿಯಲ್ಲಿ ಯಾರಾದರೂ ತಿದ್ದಿದರೆ ಸಹಿ ತಾಳೆಯಾಗದಂತೆ ನೋಡಿಕೊಳ್ಳುವುದು ಡಿಕೆಐಎಂ. ಎಸ್‌ಪಿಎಫ್ ಪರೀಕ್ಷಿಸುವುದು ಲಕೋಟೆಯ ವಿಳಾಸವನ್ನು. ಡಿಕೆಐಎಂ ಸಹಿಯಲ್ಲಿಯೂ ಬೇರೆ ಡೊಮೈನಿನ ಹೆಸರಿರಬಹುದು. ಆದ್ದರಿಂದ ಇವೆರಡರಲ್ಲಿ ಒಂದಾದರೂ ಓದುಗರ ಕಣ್ಣಿಗೆ ಬೀಳುವ ವಿಳಾಸದ ಡೊಮೈನಿಗೆ ತಾಳೆಯಾಗಬೇಕು, ಆಗದಿದ್ದರೆ ಪತ್ರವನ್ನು ಏನು ಮಾಡಬೇಕು ಎಂದು ಹೇಳುವ ಡಿಮಾರ್ಕ್ ಎಂಬ ಮೂರನೆಯ ಕಟ್ಟಳೆ 2012ರಲ್ಲಿ ಬಂತು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳಿಸುವವರು ಈ ಮೂರನ್ನೂ ಪಾಲಿಸಲೇಬೇಕೆಂದು ಗೂಗಲ್ 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿತು, ಯಾಹೂ ಕೂಡ ಅದೇ ಹಾದಿ ಹಿಡಿಯಿತು. ಸಹಕಾರಿ ಸಂಘಗಳ, ಸಣ್ಣ ಶಾಲೆಗಳ ಪ್ರಾಮಾಣಿಕ ಪತ್ರಗಳೂ ಸ್ಪ್ಯಾಮ್ ಪೆಟ್ಟಿಗೆ ಸೇರುವುದಕ್ಕೆ ಹಲವು ಸಲ ಕಾರಣ ಇಷ್ಟೇ: ಡೊಮೈನ್ ಕೊಂಡುಕೊಟ್ಟವರು ಈ ದಾಖಲೆಗಳನ್ನು ತುಂಬುವ ಗೋಜಿಗೆ ಹೋಗಿರುವುದಿಲ್ಲ.

ಈ ಪರೀಕ್ಷೆಗಳ ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಪತ್ರದ ಬಲತುದಿಯ ಮೂರು ಚುಕ್ಕೆಗಳನ್ನು ಒತ್ತಿ, ಮೂಲರೂಪವನ್ನು ತೋರಿಸುವ ‘ಶೋ ಒರಿಜಿನಲ್’ ಆರಿಸಿದರೆ ಮೂರು ಪರೀಕ್ಷೆಗಳ ಹೆಸರೂ ಮುಂದೆ ಪಾಸೋ ಫೇಲೋ ಎಂಬುದೂ ಕಾಣುತ್ತದೆ. ಅದರ ಕೆಳಗೆ ‘ರಿಸೀವ್ಡ್’ ಎಂದು ಶುರುವಾಗುವ ಸಾಲುಗಳಿರುತ್ತವೆ. ದಾರಿಯ ಪ್ರತಿ ಸರ್ವರೂ ತನ್ನ ಮುದ್ರೆಯನ್ನು ಹಿಂದಿನದರ ಮೇಲ್ಗಡೆ ಒತ್ತುವುದರಿಂದ ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತೀರ ಕೆಳಗಿನವನ್ನು ವಂಚಕರೇ ಬರೆದು ಕಳಿಸಿರಬಹುದು, ಓದುಗರದೇ ಸರ್ವರು ಹಾಕಿದ ಮೇಲಿನ ಮುದ್ರೆಯನ್ನು ಮಾತ್ರ ಅವರು ತಿದ್ದಲಾರರು.

ಹಾಗೆಂದು ಮೂರರಲ್ಲೂ ಪಾಸಾದ ಪತ್ರವೆಲ್ಲ ಸಾಚಾ ಎಂದು ತೀರ್ಮಾನಿಸುವಂತಿಲ್ಲ. ಪತ್ರ ಆ ಡೊಮೈನಿನಿಂದಲೇ ಬಂದಿದೆ ಎಂದಷ್ಟೇ ಆ ಫಲಿತಾಂಶ ಹೇಳುತ್ತದೆ. ಡೊಮೈನನ್ನು ವಂಚಕರೇ ಕೆಲವು ನೂರು ರೂಪಾಯಿಗೆ ಕೊಂಡು, ಮೂರು ದಾಖಲೆಗಳನ್ನೂ ಚೊಕ್ಕವಾಗಿ ತುಂಬಿದ್ದರೆ ಅವರ ಪತ್ರವೂ ಪಾಸಾಗುತ್ತದೆ. ಹಾಗಾಗಿ ಕಡೆಗೆ ಕಣ್ಣಿನಿಂದಲೇ ಡೊಮೈನನ್ನು ಓದಬೇಕಾಗುತ್ತದೆ, ಮತ್ತು ಅದನ್ನು ಬಲತುದಿಯಿಂದ ಓದಬೇಕು. ‘ಇಂಥ ಬ್ಯಾಂಕ್ ಡಾಟ್ ಕೆವೈಸಿ ಅಪ್‌ಡೇಟ್ ಡಾಟ್ ಕಾಮ್’ ಎಂದಿದ್ದರೆ ಅದರ ಒಡೆಯರು ಬ್ಯಾಂಕಿನವರಲ್ಲ, ‘ಕೆವೈಸಿ ಅಪ್‌ಡೇಟ್ ಡಾಟ್ ಕಾಮ್’ ಎಂಬ ಹೆಸರು ಕೊಂಡವರು. ಎಡಗಡೆಗೆ ಏನನ್ನು ಬೇಕಾದರೂ ಅಂಟಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿದೆ. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರಗಳು ಪಕ್ಕಪಕ್ಕ ಬಂದಾಗ ಎಂ ಆಗಿ ತೋರುವ ಉಪಾಯವೂ ಹಳೆಯದೇ. ಮೊಬೈಲ್ ಆ್ಯಪುಗಳು ಜಾಗ ಉಳಿಸಲೆಂದು ವಿಳಾಸವನ್ನು ಮುಚ್ಚಿಟ್ಟು ಹೆಸರನ್ನಷ್ಟೇ ದಪ್ಪಕ್ಷರದಲ್ಲಿ ತೋರಿಸುವುದು ಈ ಇಡೀ ವ್ಯವಹಾರದಲ್ಲಿ ಅತ್ಯಂತ ಖಂಡನೀಯವಾದದ್ದು. ಹೆಸರಿನ ಕೆಳಗಿನ ಬಾಣದ ಗುರುತನ್ನು ಒತ್ತಿ ವಿಳಾಸ ನೋಡುವ ತೊಂದರೆಯನ್ನು ಓದುಗರೇ ತೆಗೆದುಕೊಳ್ಳಬೇಕಾಗಿದೆ. ಭಾರತದಲ್ಲಿ ಇದಕ್ಕೊಂದು ಒಳ್ಳೆಯ ಉಪಕ್ರಮ ನಡೆದಿದೆ: ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಹೆಸರಿಗೆ 2025ರ ಅಕ್ಟೋಬರ್ 31ರೊಳಗೆ ಬದಲಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು, ಮತ್ತು ಆ ಹೆಸರನ್ನು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯ ಹೊರತು ಬೇರೆಡೆ ಕೊಳ್ಳಲಾಗದು.

ತಂತ್ರಜ್ಞಾನ ಬಲ್ಲವರು ಇದಕ್ಕೆಲ್ಲ ಮರುಳಾಗುವುದಿಲ್ಲ ಎಂಬ ಸಮಾಧಾನಕ್ಕೂ ಅವಕಾಶವಿಲ್ಲ. ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ ಎಂಬಾತ ತೈವಾನಿನ ಕ್ವಾಂಟಾ ಕಂಪ್ಯೂಟರ್ ಕಂಪನಿಯ ಹೆಸರನ್ನೇ ಲಾಟ್ವಿಯಾದಲ್ಲಿ ನೋಂದಾಯಿಸಿಕೊಂಡು, 2013ರಿಂದ 2015ರವರೆಗೆ ಗೂಗಲ್ಲಿಗೂ ಫೇಸ್‌ಬುಕ್ಕಿಗೂ ಇಮೇಲಿನಲ್ಲಿ ಸುಳ್ಳು ಬಿಲ್ಲುಗಳನ್ನು ಕಳಿಸಿ 10 ಕೋಟಿ ಡಾಲರಿಗೂ ಹೆಚ್ಚು ಹಣ ಲಪಟಾಯಿಸಿದ. 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಆತನಿಗೆ 5 ವರ್ಷ ಸೆರೆವಾಸ ವಿಧಿಸಿತು. ಇದೇ ಜಾತಿಯ ಮೋಸದ ಇನ್ನೊಂದು ರೂಪ ಇನ್ನೂ ನಾಜೂಕಾದದ್ದು. ಸರಕು ಪೂರೈಸುವವರ ನಿಜವಾದ ಖಾತೆಗೇ ಕಳ್ಳರು ನುಗ್ಗಿ, ಗದ್ದಲ ಮಾಡದೆ ವಾರಗಟ್ಟಲೆ ಪತ್ರವ್ಯವಹಾರ ಓದಿ, ಹಣ ಸಂದಾಯದ ದಿನ ಹತ್ತಿರ ಬಂದಾಗ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಒಂದು ಸಾಲು ಬರೆಯುತ್ತಾರೆ. ವಿಳಾಸ ನಿಜ, ಸಹಿ ನಿಜ, ಮೂರೂ ಪರೀಕ್ಷೆ ಪಾಸು. ಇಮೇಲಿನ ಒಳಗಿನ ಯಾವ ಪರೀಕ್ಷೆಯೂ ಇದನ್ನು ಹಿಡಿಯಲಾರದು. ಪತ್ರದಲ್ಲಿ ಕೊಟ್ಟ ಸಂಖ್ಯೆಗಲ್ಲ, ಮೊದಲಿನಿಂದ ಬರೆದಿಟ್ಟುಕೊಂಡ ಸಂಖ್ಯೆಗೆ ಫೋನು ಮಾಡಿ ಕೇಳುವುದೊಂದೇ ದಾರಿ. ನುಗ್ಗಿದ ಕಳ್ಳರು ಬರುವ ಪತ್ರಗಳ ಪ್ರತಿ ತಮಗೂ ತಲುಪುವಂತೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ನಿಯಮ ಬರೆದಿಟ್ಟು ಹೋಗುವುದು ಸಾಮಾನ್ಯ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಆ ನಿಯಮ ಅಳಿಯುವುದಿಲ್ಲವಾದ್ದರಿಂದ ಅದನ್ನು ಹುಡುಕಿ ತೆಗೆಯಬೇಕು.

ಇಮೇಲ್ ಖಾತೆಯೊಂದನ್ನು ಕಳೆದುಕೊಂಡರೆ ಹೋಗುವುದು ಪತ್ರಗಳು ಮಾತ್ರವಲ್ಲ. ಫೇಸ್‌ಬುಕ್, ಆನ್‌ಲೈನ್ ಅಂಗಡಿ, ಆದಾಯ ತೆರಿಗೆಯ ಖಾತೆ, ಯಾವುದರ ಪಾಸ್‌ವರ್ಡ್ ಮರೆತರೂ ಹೊಸದನ್ನು ಪಡೆಯುವ ದಾರಿ ಬಹುಪಾಲು ಇಮೇಲಿನ ಮೂಲಕವೇ ಹಾದುಹೋಗುತ್ತದೆ. ಇಷ್ಟಾಗಿಯೂ ಕರ್ನಾಟಕದ ಊರೂರುಗಳಲ್ಲಿ ಎಷ್ಟೋ ಜನರ ಮೊದಲ ಇಮೇಲ್ ಹುಟ್ಟುವುದು ಸಿಇಟಿಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಲು ಹೋದ ಸೈಬರ್ ಸೆಂಟರಿನಲ್ಲಿ. ಖಾತೆ ತೆರೆದವರು ಅಂಗಡಿಯವರು, ಪಾಸ್‌ವರ್ಡ್ ಅರ್ಜಿದಾರರ ಹೆಸರಿನ ಮುಂದೆ 123, ಅದು ಬರೆದಿರುವುದು ಅರ್ಜಿಯ ಪ್ರಿಂಟಿನ ಮೂಲೆಯಲ್ಲಿ. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದಾಗ ಯಾರದೇ ಕಂಪ್ಯೂಟರಿನಲ್ಲಿ ಕುಳಿತು ತನ್ನ ಪತ್ರ ಓದಬಹುದೆಂಬುದೇ ಅದರ ದೊಡ್ಡ ಆಕರ್ಷಣೆಯಾಗಿತ್ತು. ಅದರ ಬೆಲೆ ಎಂಬಂತೆ, ಲಾಗ್‌ಔಟ್ ಮಾಡದೆ ಎದ್ದು ಬಂದರೆ ಮುಂದೆ ಕುಳಿತವರೂ ಓದಬಹುದು. ಅಂಗಡಿಯಲ್ಲಿ ತೆರೆಸಿದ ಖಾತೆಯನ್ನು ಮನೆಗೆ ಬಂದು ಸ್ವಂತ ಮೊಬೈಲಿನಲ್ಲಿ ತೆರೆದು, ಬೇರೆಲ್ಲಿಯೂ ಬಳಸದ ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಖಾತೆ ಮರಳಿ ಪಡೆಯುವ ಮೊಬೈಲ್ ಸಂಖ್ಯೆ ತಮ್ಮದೇ ಎಂದು ಖಚಿತಪಡಿಸಿಕೊಂಡು, ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿದರೆ ಅರ್ಧ ಅಪಾಯ ಅಲ್ಲಿಗೇ ಕಳೆಯುತ್ತದೆ. ಎರಡು ಹಂತದ ಪರಿಶೀಲನೆಯೆಂದರೆ ಪಾಸ್‌ವರ್ಡಿನ ಮೇಲೆ ಫೋನಿಗೆ ಬರುವ ಸಂಕೇತವನ್ನೂ ಕೇಳುವ ಏರ್ಪಾಡು. ಆ ಸಂಕೇತವನ್ನು ಫೋನಿನಲ್ಲಿ ಕೇಳುವವರು ಯಾರೇ ಆಗಿರಲಿ, ಹೇಳಬಾರದು.

ಹಣ ಕೈಬಿಟ್ಟುಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು, ಏಕೆಂದರೆ ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ತಡೆಯುವುದು ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧಗಳ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಸಿಟ್ಟಿನಲ್ಲೋ ನಾಚಿಕೆಯಲ್ಲೋ ಮೋಸದ ಮೇಲನ್ನು ಅಳಿಸಿಹಾಕಿ ಸ್ಕ್ರೀನ್‌ಶಾಟ್ ಒಂದನ್ನು ಹಿಡಿದು ಠಾಣೆಗೆ ಹೋಗುವವರೇ ಹೆಚ್ಚು. ಸ್ಕ್ರೀನ್‌ಶಾಟಿನಲ್ಲಿ ಇರುವುದು ವಂಚಕರು ಬರೆದ ಹೆಸರು ಮಾತ್ರ. ಪತ್ರ ಯಾವ ಯಂತ್ರದಿಂದ ಬಂತೆಂಬ ಮುದ್ರೆಯ ಸಾಲುಗಳು ಇರುವುದು ಮೂಲಪತ್ರದಲ್ಲಿ, ಆದ್ದರಿಂದ ತನಿಖೆ ಮುಗಿಯುವ ತನಕ ಅದು ಇನ್‌ಬಾಕ್ಸಿನಲ್ಲೇ ಇರಬೇಕು, ‘ಶೋ ಒರಿಜಿನಲ್’ ಪುಟದಿಂದ ಇಳಿಸಿಕೊಂಡ ಅದರ ಪ್ರತಿಯೊಂದು ದೂರಿನ ಜೊತೆಗಿರಬೇಕು.